ಕೊನೆಯ ಹದಿನಾರು ಪುಟ

ಅರಸೀಕೆರೆಯ ನಮ್ಮ ಬೀದಿಯ ಹೆಂಗಸರು ಕಡಿಮೆಯೆಂದರೂ ನೂರು ಕೊಲೆಗಳನ್ನು ಓದಿದ್ದರು. ಒಬ್ಬ ಕೊಲೆಗಾರನೂ ಅವರ ಕೈಗೆ ಸಿಕ್ಕಿರಲಿಲ್ಲ. ಅದಕ್ಕೆ ಕಾರಣ ಪತ್ತೇದಾರರ ದಡ್ಡತನವಲ್ಲ, ಒಬ್ಬ ಕೊಬ್ಬರಿ ವ್ಯಾಪಾರಿಯ ಜಾಣತನ.

ಸ್ಟೇಷನ್ನಿನಿಂದ ಪೇಟೆಗೆ ಬರುವ ರಸ್ತೆಯಲ್ಲಿ ಅವರ ಮಂಡಿ ಇತ್ತು. ಹಿಂದೆ ಕೊಬ್ಬರಿ ಚೀಲಗಳು, ಮುಂದೆ ಎರಡು ಬೀರುಗಳಲ್ಲಿ ಜನಕ್ಕೆ ಓದಲು ಕೊಡುವ ಪುಸ್ತಕಗಳು. ನಮ್ಮದು ಜಂಕ್ಷನ್ ಊರು. ಇವತ್ತು ಪುಸ್ತಕ ಒಯ್ದವನು ನಾಳೆ ಹುಬ್ಬಳ್ಳಿ ಗಾಡಿ ಹತ್ತಿದರೆ ಪುಸ್ತಕಕ್ಕೆ ಎಳ್ಳುನೀರು ಬಿಟ್ಟ ಹಾಗೆಯೇ. ಅದಕ್ಕೆ ಅವರೊಂದು ಉಪಾಯ ಮಾಡಿದ್ದರು. ಪತ್ತೇದಾರಿ ಕಾದಂಬರಿ ಬಂದ ಕೂಡಲೇ ಹೊಲಿಗೆ ಬಿಚ್ಚಿ ಕೊನೆಯ ಫಾರಂ, ಅಂದರೆ ಕೊನೆಯ ಹದಿನಾರು ಪುಟ, ಬೇರೆ ತೆಗೆದಿಟ್ಟುಕೊಳ್ಳುತ್ತಿದ್ದರು. ಪುಸ್ತಕ ವಾಪಸು ತಂದವರಿಗೆ ಮಾತ್ರ ಆ ಹದಿನಾರು ಪುಟ. ಅದನ್ನೂ ಮನೆಗೆ ಒಯ್ಯುವಂತಿಲ್ಲ. ಮಂಡಿಯ ಮುಂದಿನ ಬೆಂಚಿನ ಮೇಲೆ ಕೂತು ಓದಿ, ಅಲ್ಲೇ ಕೊಟ್ಟು ಹೋಗಬೇಕು. ಸಂಜೆ ಆ ದಾರಿಯಲ್ಲಿ ಹೋದರೆ ಗುಮಾಸ್ತರು, ಮೇಷ್ಟರು, ರೈಲ್ವೆಯವರು ಸಾಲಾಗಿ ಕೂತು, ಬಾಯಿ ತೆರೆದುಕೊಂಡು ಕೊಲೆಗಾರರನ್ನು ಹಿಡಿಯುತ್ತಿರುವುದು ಕಾಣುತ್ತಿತ್ತು.

ಹೆಂಗಸರು ಪೇಟೆಬೀದಿಯ ಬೆಂಚಿನ ಮೇಲೆ ಕೂರುವುದುಂಟೆ? ನಮಗೆ ಪುಸ್ತಕ ಬರುತ್ತಿದ್ದದ್ದು ಅಣ್ಣಂದಿರ, ಗಂಡಂದಿರ ಕೈಯಲ್ಲಿ. ಪತ್ತೇದಾರ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ ಗಂಟಲು ಸರಿಮಾಡಿಕೊಳ್ಳುವವರೆಗೆ ಓದುತ್ತಿದ್ದೆವು. ಆಮೇಲೆ ರಟ್ಟು. ಅಣ್ಣ ಪುಸ್ತಕ ಕೊಟ್ಟು ಬಂದ ಮೇಲೆ "ಯಾರೋ ಮಾಡಿದ್ದು?" ಅಂತ ಕೇಳಿದರೆ "ಆಳು" ಅನ್ನುತ್ತಿದ್ದ. ಹೋದ ತಿಂಗಳೂ ಆಳು, ಈ ತಿಂಗಳೂ ಆಳು. ಅವನು ಬೆಂಚಿನ ಮೇಲೆ ಕೂತೇ ಇರುತ್ತಿರಲಿಲ್ಲ, ಹೋಟೆಲಿನಲ್ಲಿ ಗೆಳೆಯರ ಜೊತೆ ಕಾಫಿ ಕುಡಿದು ಬರುತ್ತಿದ್ದ. ಇದು ಗೊತ್ತಾದ ದಿನ ನಾನು ಅವನ ಮೇಲೆ ಸೌಟು ಎಸೆದೆ. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ.

ಅರವತ್ತರ ದಶಕದ ಶುರುವಿನ ಮಾತು. ನನಗಾಗ ಇಪ್ಪತ್ತು. ಎಸ್ಸೆಸ್ಸೆಲ್ಸಿ ಆಗಿತ್ತು, ಟೈಪಿಂಗಿನಲ್ಲಿ ಲೋಯರ್ ಪಾಸಾಗಿತ್ತು. ಕೆಲಸದ ಆರ್ಡರು ಬಂದಿರಲಿಲ್ಲ, ಗಂಡೂ ಗೊತ್ತಾಗಿರಲಿಲ್ಲ. ಮನೆಯ ಹಿಂದೆಯೇ ರೈಲು ಹಳಿ. ದಿನಕ್ಕೆ ಎಷ್ಟೋ ಗಾಡಿಗಳು ಕೂಗಿ ಹೊರಡುತ್ತಿದ್ದವು. ಒಂದೊಂದು ಕೂಗಿಗೂ ನನ್ನ ಎದೆ ಎದ್ದು ನಿಲ್ಲುತ್ತಿತ್ತು, ಮತ್ತೆ ಕೂರುತ್ತಿತ್ತು. ಹಜಾರದಿಂದ ಹಿತ್ತಿಲಿಗೆ, ಹಿತ್ತಿಲಿಂದ ಹಜಾರಕ್ಕೆ ಓಡಾಡುತ್ತಿದ್ದ ನನ್ನನ್ನು ನೋಡಿ ಅಮ್ಮ "ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದೀಯಾ, ಕೂತ್ಕೋಬಾರ್ದೇನೇ ಒಂದು ಕಡೆ" ಅನ್ನುತ್ತಿದ್ದಳು. ಕೂತರೆ ಪುಸ್ತಕ ಬೇಕಿತ್ತು. ಪುಸ್ತಕ ಮುಗಿದರೆ, ಮುಗಿಯದೆ ಮುಗಿದರೆ, ಮತ್ತೆ ಓಡಾಟ.

ಅಪ್ಪ ರೈಲ್ವೆಯ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತ. ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣ, ನಾನು ಮತ್ತು ಅತ್ತೆ. ಅತ್ತೆ ಅಂದರೆ ಅಪ್ಪನ ಅಕ್ಕ. ಹದಿಮೂರಕ್ಕೆ ಗಂಡ ಸತ್ತು ತವರಿಗೆ ಬಂದವರು. ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟು, ಮಡಿಯಲ್ಲಿ ಅಡುಗೆ ಮಾಡಿಕೊಂಡು ನಲವತ್ತು ವರ್ಷ ಕಳೆದಿದ್ದರು. ಓದು ಬರುತ್ತಿರಲಿಲ್ಲ. ಮಧ್ಯಾಹ್ನ ಬತ್ತಿ ಹೊಸೆಯುತ್ತ ಕೂತು, ನಾನು ಗಟ್ಟಿಯಾಗಿ ಓದಿದ್ದನ್ನು ಕೇಳುತ್ತಿದ್ದರು. ಅಮ್ಮ ಅಲ್ಲೇ ಕೂತು ಅಕ್ಕಿ ಆರಿಸುತ್ತ, ಅವನೇ ಇವನೇ ಅಂತ ಬಾಯಿ ಹಾಕುತ್ತಿದ್ದಳು. ಅತ್ತೆ ಯಾರ ಮೇಲೂ ಅನುಮಾನ ಪಡುತ್ತಿರಲಿಲ್ಲ.

ಅದಕ್ಕೊಂದು ಕಾರಣ ಇತ್ತು. ನನಗೆ ಎಂಟು ವರ್ಷವಿದ್ದಾಗ ಅಮ್ಮನ ಬೆಂಡೋಲೆ ಕಳೆದುಹೋಗಿತ್ತು. ಎಣ್ಣೆ ನೀರು ಹಾಕಿಕೊಳ್ಳುವಾಗ ಎರಡನ್ನೂ ಬಿಚ್ಚಿ ಅಡುಗೆಮನೆಯ ಗೂಡಿನಲ್ಲಿ ಇಟ್ಟಿದ್ದಳು. ತಲೆ ಒರೆಸಿಕೊಂಡು ಬಂದು ನೋಡಿದರೆ ಒಂದೇ ಇತ್ತು. ಒಲೆಯ ಬೂದಿ ಜರಡಿ ಹಿಡಿದರು, ಬಚ್ಚಲ ಮೋರಿ ಬಗೆದರು. ಸಿಗಲಿಲ್ಲ. ಸಂಜೆ ಅಮ್ಮ ಯಾರ ಮುಖವನ್ನೂ ನೋಡದೆ "ಅಡುಗೆಮನೆಗೆ ಹೋಗಿ ಬರೋರು ಎಷ್ಟು ಜನ ಇದೀವಿ" ಅಂದಳು. ಅತ್ತೆ ಎದ್ದು ಹಿತ್ತಿಲಿಗೆ ಹೋದರು. ಪಕ್ಕದ ಮನೆಯಾಕೆ ಅಮ್ಮನ ಕಿವಿಯಲ್ಲಿ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಂದದ್ದು ನನಗೂ ಕೇಳಿಸಿತು.

ಅಷ್ಟೇ. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಬೀರುವಿನ ಬೀಗದ ಕೈ ಅಮ್ಮನ ಸೊಂಟಕ್ಕೆ ಹೋಯಿತು. ಅತ್ತೆ ನಡುಮನೆಯ ಕೋಣೆಗೆ ಹೋಗುವುದನ್ನು ತಾವಾಗಿಯೇ ಬಿಟ್ಟರು. ಅಪ್ಪ ತುಟಿ ಪಿಟಕ್ಕೆನ್ನಲಿಲ್ಲ. ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಕಳೆದರೂ, ಆ ಮಾತು ಬಂದಾಗ ಅತ್ತೆ ಎದ್ದು ಒಳಗೆ ಹೋಗುತ್ತಿದ್ದರು. ನೂರು ಪತ್ತೇದಾರಿ ಕಥೆ ಓದಿದ ನಾನು ಒಂದು ಸಲವಾದರೂ ಯೋಚಿಸಿದೆನೆ? ಕದಿಯುವವರು ಜೋಡಿಯಲ್ಲಿ ಒಂದನ್ನು ಬಿಟ್ಟು ಒಂದನ್ನೇ ಏಕೆ ಕದಿಯುತ್ತಾರೆ? ಈಗ ಬರೆಯುವಾಗಲೂ ನನ್ನ ಮೇಲೆ ನನಗೇ ರೇಗುತ್ತದೆ.

ವ್ಯಾಪಾರಿ ಒಂದು ದಿನ ಪುಸ್ತಕದ ಸಹವಾಸ ಸಾಕೆಂದು ಬೀರು ಖಾಲಿ ಮಾಡಿದರು. ಅಣ್ಣ ಒಂದು ಕಟ್ಟು ಹೊತ್ತು ತಂದ. ಎಲ್ಲವೂ ಕೊನೆಯ ಫಾರಂ ಇಲ್ಲದವು. ಅದರಲ್ಲಿ ಒಂದು ಪುಸ್ತಕ ಮಾತ್ರ ಹೊಸದರ ಹಾಗಿತ್ತು. ಜನ ಓದಿದ ಪುಸ್ತಕಗಳಿಗೆ ಎಣ್ಣೆ, ಅರಿಶಿನ, ನಶ್ಯದ ಕಲೆ ಇರುತ್ತಿತ್ತು. ಇದರ ಹಾಳೆಗಳ ಅಂಚು ಕೂಡ ಕತ್ತರಿಸಿರಲಿಲ್ಲ. ಎಷ್ಟೋ ವರ್ಷ ಆ ಬೀರುವಿನಲ್ಲಿದ್ದೂ ಯಾರೂ ಅದನ್ನು ಮುಟ್ಟಿರಲಿಲ್ಲ ಅಂತಾಯಿತು. ನಾನು ತಲೆಯ ಪಿನ್ನು ತೆಗೆದು ಹಾಳೆ ಸೀಳುತ್ತ ಓದಲು ಕೂತೆ.

ಆಗಿನ ಪತ್ತೇದಾರಿ ಕಾದಂಬರಿಗಳ ಬಗ್ಗೆ ಈಗ ಮಾತಾಡುವವರಿಲ್ಲ. ಬರೆದವರು ಯಾವುದೋ ಊರಿನ ಪೋಸ್ಟ್ ಮಾಸ್ತರರು, ಕಾಂಪೌಂಡರುಗಳು, ಶಾಲೆ ಮೇಷ್ಟರುಗಳು. ಸಾಹಿತ್ಯ ಚರಿತ್ರೆಗಳಲ್ಲಿ ಅವರಿಗೆ ಅರ್ಧ ಸಾಲೂ ಇಲ್ಲ. ನಾನು ಇವತ್ತಿಗೂ ಹಳೆ ಪುಸ್ತಕದ ಅಂಗಡಿಗಳಲ್ಲಿ ಮಂಡಿಯೂರಿ ಕೂತು ಅವನ್ನು ಹುಡುಕುತ್ತೇನೆ. ಸೊಂಟ ಹಿಡಿದುಕೊಂಡರೂ ಬಿಡುವುದಿಲ್ಲ. "ಅಯ್ಯೋ, ಈ ಕಸಾನಾ?" ಅಂತ ಮೂಗು ಮುರಿಯುವ ವಿದ್ವಾಂಸರಿಗೆ, ನೀವು ಒಂದು ಓದಿದೀರಾ ಸ್ವಾಮಿ, ಅಂತ ಮುಖದ ಮೇಲೇ ಕೇಳಿದ್ದೇನೆ. ಕಸವೂ ಇದೆ, ಇಲ್ಲ ಅನ್ನುವುದಿಲ್ಲ. ಪಿಸ್ತೂಲು ಕಂಡರಿಯದವರು ಬಿಡಿಸಿದ ಪಿಸ್ತೂಲು ರಟ್ಟಿನ ಮೇಲೆ, ಒಳಗೆ ಸುಡುಬಿಸಿಲಿನಲ್ಲಿ ಕೋಟು ಹ್ಯಾಟು ಹಾಕಿಕೊಂಡು ಬೆವರದ ಪತ್ತೇದಾರ. ಆದರೆ ಹತ್ತರಲ್ಲಿ ಒಂದು ಪುಸ್ತಕದಲ್ಲಿ ಒಬ್ಬ ಮನುಷ್ಯ ನಿಜವಾಗಿ ಕಣ್ಣು ಬಿಟ್ಟು ಸುತ್ತ ನೋಡಿರುತ್ತಾನೆ.

ಈ ಪುಸ್ತಕ ಅಂಥದ್ದು. ಬರೆದವರ ಹೆಸರು ಕಾವ್ಯನಾಮ, ಅದನ್ನೂ ನಾನಿಲ್ಲಿ ಬರೆಯುವುದಿಲ್ಲ. ಕೊಲೆ ನಡೆಯುವುದು ಕೆರೆ ದಂಡೆಯ ಒಂದು ಹಳ್ಳಿಯ ಜಮೀನುದಾರರ ಮನೆಯಲ್ಲಿ. ಮನೆಯಲ್ಲಿ ದತ್ತುಮಗ, ಸೊಸೆ, ಒಬ್ಬ ಆಳು, ಮತ್ತೆ ಜಮೀನುದಾರರ ವಿಧವೆ ತಂಗಿ. ಅಡುಗೆ ಅವಳದ್ದು. ರಾತ್ರಿ ಹುಳಿಯನ್ನ ಉಂಡ ಜಮೀನುದಾರರು ಬೆಳಗಾಗುವಷ್ಟರಲ್ಲಿ ಸತ್ತಿರುತ್ತಾರೆ. ಹುಳಿಯಲ್ಲಿ ವಿಷ. ಆ ಮನೆಯ ಒರಳು, ನೀರು ಸೇದುವ ಹಗ್ಗ, ಕತ್ತಲೆ ಕೋಣೆಯ ಉಪ್ಪಿನಕಾಯಿ ಜಾಡಿಗಳ ಸಾಲು ಎಲ್ಲವೂ ನಮ್ಮ ಮನೆಯದೇ ಅನ್ನಿಸಿತು. ಮೂರು ಮಧ್ಯಾಹ್ನ ಓದಿದೆ. ಪತ್ತೇದಾರ ಎಲ್ಲರನ್ನೂ ಹಜಾರಕ್ಕೆ ಕರೆದ. ರಟ್ಟು ಬಂತು.

ಮೂರು ದಿನದಿಂದ ಓದು ಕಿವಿಗೆ ಬೀಳುತ್ತಿದ್ದ ಅಣ್ಣ ಒಳಗೆ ಬಂದವನು, ನಾನು ಹಲ್ಲು ಕಡಿಯುತ್ತಿರುವುದನ್ನು ನೋಡಿ ನಕ್ಕ. "ಇನ್ಯಾರೇ, ಆ ವಿಧವೇನೇ. ಅಡುಗೆಮನೇಲಿ ಇದ್ದೋಳು ಅವಳೊಬ್ಬಳೇ ತಾನೇ," ಅಂದು ಟವೆಲ್ಲು ತೆಗೆದುಕೊಂಡು ಹೋದ.

ಅತ್ತೆಯ ಕೈಯಲ್ಲಿ ಬತ್ತಿ ನಿಂತಿತು.

"ಹುಣ್ಣಿಮೆಗೆ ಇನ್ನು ನಾಲ್ಕೇ ದಿನ ಅಂತ ಓದಿದೆಯಲ್ಲೇ, ಅದು ಅವನು ಸತ್ತ ರಾತ್ರೀದೇನಾ?" ಅಂತ ನನ್ನನ್ನು ಕೇಳಿದರು.

ತೆಗೆದು ನೋಡಿದೆ. ಹೌದು. ಬೆಳದಿಂಗಳಲ್ಲಿ ಹಿತ್ತಿಲ ಹೆಜ್ಜೆ ಗುರುತು ಕಾಣುವ ಜಾಗ ಅದು.

ಅತ್ತೆ ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳು ಓಡಿಸಿದರು. "ಅವತ್ತು ಏಕಾದಶಿ. ಅವಳು ಒಲೆ ಹತ್ತಿರ ಹೋಗೋದೇ ಇಲ್ಲ. ಒಂದು ತೊಟ್ಟು ನೀರೂ ಮುಟ್ಟದೆ ದೇವರ ಮುಂದೆ ಬಿದ್ದಿರ್ತಾಳೆ. ಉಣ್ಣೋ ಗಂಡಸರಿಗೆ ಅವತ್ತು ಬೇರೆ ಯಾರೋ ಬೇಯಿಸಿ ಹಾಕಿರ್ತಾರೆ."

ನಾನು ಅಮ್ಮನ ಕಡೆ ನೋಡಿದೆ. ನಮ್ಮ ಮನೆಯಲ್ಲೂ ಹಾಗೇ. ಅಪ್ಪನಿಗೆ ಡ್ಯೂಟಿ ಇದ್ದದ್ದರಿಂದ ಏಕಾದಶಿಯ ದಿನ ಅಮ್ಮ ಅಡುಗೆ ಮಾಡುತ್ತಿದ್ದಳು. ಅತ್ತೆ ಅವತ್ತು ಅಡುಗೆಮನೆಯ ಹೊಸಿಲು ದಾಟುತ್ತಿರಲಿಲ್ಲ. ಅಮ್ಮ ತಲೆ ಎತ್ತದೆ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದಳು.

"ಆ ಕೊನೇ ಪುಟ ಎಲ್ಲಾದ್ರೂ ಸಿಗತ್ತೇನೇ?" ಅಂದರು ಅತ್ತೆ. "ಅವಳ ಮೇಲೇ ಹಾಕಿದಾರಾ ಅಂತ ನನಗೆ ಗೊತ್ತಾಗಬೇಕು."

ನಾನು ಹುಟ್ಟಿದಾಗಿನಿಂದ ಆ ಮನೆಯಲ್ಲಿ ಅತ್ತೆ ಬಾಯಿ ಬಿಟ್ಟು ಏನನ್ನಾದರೂ ಬೇಕು ಅಂದದ್ದು ನಾನು ಕೇಳಿರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಟೈಪಿಂಗ್ ಕ್ಲಾಸಿಗೆ ಹೊರಟವಳು ನೇರ ಕೊಬ್ಬರಿ ಮಂಡಿಗೆ ಹೋದೆ.

ವ್ಯಾಪಾರಿ ಹಣೆ ತುಂಬ ವಿಭೂತಿ ಇಟ್ಟುಕೊಂಡು ಕೊಬ್ಬರಿ ಬಡಿದು ನೋಡುತ್ತಿದ್ದರು. ನನ್ನ ಮಾತು ಕೇಳಿ ಒಳಗಿನಿಂದ ಒಂದು ಗೋಣಿಚೀಲ ಎಳೆದು ತಂದರು. "ಎಲ್ಲಾ ಇದ್ರಾಗೇ ಐತೆ ನೋಡವ್ವ. ಹೆಸ್ರು ಬರ್ದು ಸೀಟಿ ಅಂಟಿಸಿದ್ದೆ, ಇಲಿ ತಿಂದ್ಬಿಟ್ಟವೆ. ಯಾವ್ದು ಯಾವ್ದರ ಬಾಲವೋ ನಂಗೂ ತಿಳೀವಲ್ದು."

ಚೀಲದ ತುಂಬ ಕೊನೆಗಳು. ಪುಸ್ತಕದ ಹೆಸರಿಲ್ಲ, ಪುಟದ ಸಂಖ್ಯೆ ಮಾತ್ರ. ಬೆಂಚಿನ ಮೇಲೆ ಸುರಿದುಕೊಂಡು ಕೂತೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ನೋಡಲಿ ಅಂದುಕೊಂಡೆ. ಮಧ್ಯಾಹ್ನದವರೆಗೆ ಓದಿದೆ. ಯಾರೋ ತಪ್ಪೊಪ್ಪಿಕೊಂಡರು, ಯಾರೋ ಬಾವಿಗೆ ಹಾರಿದರು, ಯಾರದೋ ಅವಳಿ ತಮ್ಮ ರಂಗೂನಿನಿಂದ ಬಂದ. ನಾವು ಬೀದಿಯ ಹೆಂಗಸರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ಎಷ್ಟೋ ಕೊಲೆಗಾರರು ಅಲ್ಲೇ ಧೂಳಿನಲ್ಲಿ ಬಿದ್ದಿದ್ದರು. ಆಳು ಮಾಡಿದ ಕೊಲೆ ಒಂದೂ ಇರಲಿಲ್ಲ. ನನಗೆ ಬೇಕಾದ ಕೊನೆಯೂ ಇರಲಿಲ್ಲ.

"ಈ ಬೆಂಚಿನ ಮೇಲೆ ಹೆಂಗಸರೂ ಕೂರೋ ಹಾಗಿದ್ದಿದ್ರೆ ನಾನ್ಯಾಕೆ ಈ ಚೀಲ ಕೆದಕ್ತಿದ್ದೆ?" ಅಂದೆ ಸಿಟ್ಟಿನಿಂದ.

ವ್ಯಾಪಾರಿ ನಿಜವಾಗಿಯೂ ಆಶ್ಚರ್ಯದಿಂದ ನನ್ನನ್ನು ನೋಡಿದರು. "ಯಾರು ಬ್ಯಾಡ ಅಂದಿದ್ರವ್ವ?"

ಯಾರೂ ಬೇಡ ಅಂದಿರಲಿಲ್ಲ. ನನಗೆ ಇನ್ನಷ್ಟು ಕೋಪ ಬಂತು. ಅವರೇ ಸಮಾಧಾನ ಮಾಡುವವರ ಹಾಗೆ ಹೇಳಿದರು: "ಆ ಪುಸ್ತಕ ಬರ್ದೋರು ಮೇಷ್ಟ್ರು ಕಣವ್ವ, ಹಳೇಬೀಡಿನ ಇಸ್ಕೂಲಲ್ಲಿ ಇದ್ರು. ತಾವೇ ಬಸ್ಸಲ್ಲಿ ಕಟ್ಟು ಹೊತ್ಕೊಂಡು ಬಂದು ಕೊಟ್ಟೋಗಿದ್ರು. ಯಾರೂ ಓದ್ಲಿಲ್ಲ ಪಾಪ. ಬಂದಾಗೆಲ್ಲ, ಯಾರಾದ್ರೂ ತಗೊಂಡೋದ್ರಾ ಅಂತ ಕೇಳೋರು. ಊಂ, ವೋಯ್ತಾ ಐತೆ ಅಂತಿದ್ದೆ."

ಮನೆಗೆ ಬಂದು ಹೇಳಿದೆ. ಹಳೇಬೀಡಿಗೆ ನಾನೊಬ್ಬಳೇ ಹೋಗಿ ಬರುತ್ತೇನೆ ಅನ್ನುವ ಹುಕಿಯಲ್ಲಿದ್ದೆ. ಅತ್ತೆ "ನಾನೂ ಬರ್ತೀನಿ" ಅಂದರು. ಅಪ್ಪನಿಗೆ, ಬೇಲೂರಿನ ದೇವರ ದರ್ಶನ ಮಾಡಿ ಎಷ್ಟೋ ವರ್ಷ ಆಯಿತು ಅಂತ ಹೇಳಿಸಿದರು. ದೇವರ ಹೆಸರು ಹೇಳಿದ ಮೇಲೆ ಯಾರು ಇಲ್ಲ ಅನ್ನುತ್ತಾರೆ? ಅಮ್ಮ ಮಾತ್ರ ನನ್ನ ಚೀಲದಲ್ಲಿ ಪುಸ್ತಕ ಇರುವುದನ್ನು ನೋಡಿದಳು. ನೋಡಿ, ಅದರ ಮೇಲೆ ನನ್ನ ಬುತ್ತಿಯ ಗಂಟು ಇಟ್ಟಳು.

ಬೆಳಗಿನ ಬಸ್ಸು. ಅತ್ತೆ ತಲೆ ತುಂಬ ಸೆರಗು ಹೊದ್ದು, ಮಡಿನೀರಿನ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಜಾವಗಲ್ಲಿನಲ್ಲಿ ರೇಷ್ಮೆ ಪಂಚೆಯ ಮೂವರು ಹತ್ತಿದರು. ಹೆಣ್ಣು ನೋಡಲು ಹೊರಟವರು, ಕೈಯಲ್ಲಿ ಹೂವು ಹಣ್ಣು. ಅತ್ತೆಯನ್ನು ಕಂಡವರೇ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮುಂದಿನ ಬಸ್ಸಿಗೆ ಬರುತ್ತೇವೆ ಅಂತ ಇಳಿದುಹೋದರು. ನನಗೆ ಮೈಯೆಲ್ಲ ಉರಿದು ಎದ್ದು ನಿಂತೆ. ಅತ್ತೆ ನನ್ನ ಸೆರಗು ಹಿಡಿದೆಳೆದು ಕೂರಿಸಿ, "ಬಿಡೇ, ಕಾಲು ಚಾಚೋಕೆ ಜಾಗ ಆಯ್ತು" ಅಂದರು.

ಹಳೇಬೀಡಿನ ಶಾಲೆಯಲ್ಲಿ ಕೇಳಿದರೆ ಮೇಷ್ಟರಿಗೆ ಬೇಲೂರಿಗೆ ವರ್ಗ ಆಗಿದೆ ಅಂದರು. ಅವರು ಕಾದಂಬರಿ ಬರೆದಿದ್ದಾರೆ ಅನ್ನುವುದೇ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಂದಿನ ಬಸ್ಸಿಗೆ ಎರಡು ಗಂಟೆ ಇತ್ತು. ಕೆರೆಯ ಏರಿಯ ಮೇಲೆ ನಾನು ಹತ್ತು ಸಲ ಅತ್ತಿಂದಿತ್ತ ನಡೆದೆ. ಏರಿ, ತೂಬು, ಆಚೆಯ ಹೊಂಗೆಮರ ಎಲ್ಲ ಪುಸ್ತಕದಲ್ಲಿದ್ದ ಹಾಗೇ ಇದ್ದವು. ಅತ್ತೆ ಒಂದು ಕಲ್ಲಿನ ಮೇಲೆ ಅಲುಗಾಡದೆ ಕೂತಿದ್ದರು. ಅವರ ಹೆಬ್ಬೆರಳು ಮಾತ್ರ ಗೆಣ್ಣಿನಿಂದ ಗೆಣ್ಣಿಗೆ ಓಡಾಡುತ್ತಿತ್ತು.

ಬೇಲೂರಿನಲ್ಲಿ ಇಳಿದ ಮೇಲೆ, "ಮೊದಲು ದೇವಸ್ಥಾನಕ್ಕೆ ಹೋಗೋಣವಾ ಅತ್ತೆ?" ಅಂದೆ.

"ದೇವರು ಎಲ್ಲಿಗೂ ಹೋಗಲ್ಲ. ಆ ಮನುಷ್ಯ ಉಂಡು ಮಲಗಿಬಿಟ್ರೆ?" ಅಂದು ಅತ್ತೆ ನನಗಿಂತ ಮುಂದೆ ನಡೆದರು.

ದೇವಸ್ಥಾನದ ಹಿಂದಿನ ಬೀದಿಯಲ್ಲಿ ಮನೆ. ವಂಶಪಾರಂಪರ್ಯವಾಗಿ ದೇವಸ್ಥಾನದ ಪರಿಚಾರಿಕೆ ಮಾಡಿಕೊಂಡು ಬಂದವರಂತೆ. ಮೇಷ್ಟರ ಅಣ್ಣ ದೇವಸ್ಥಾನದಲ್ಲಿ, ಇವರು ಶಾಲೆಯಲ್ಲಿ. ಐವತ್ತು ದಾಟಿದ್ದ ಸಣಕಲು ಮನುಷ್ಯ, ಕನ್ನಡಕದ ಒಂದು ಕಡ್ಡಿಯ ಬದಲು ದಾರ. ಶನಿವಾರದ ಬೆಳಗಿನ ಶಾಲೆ ಮುಗಿಸಿ ಬಂದು ಜಗುಲಿಯ ಮೇಲೆ ಕೂತು ಮಕ್ಕಳ ನೋಟುಬುಕ್ಕು ತಿದ್ದುತ್ತಿದ್ದರು. ನಾನು ಚೀಲದಿಂದ ಪುಸ್ತಕ ತೆಗೆದಾಗ ಅವರ ಕೈಯಲ್ಲಿದ್ದ ಕೆಂಪು ಪೆನ್ಸಿಲ್ಲು ಕೆಳಗೆ ಬಿತ್ತು.

"ಓದಿದಿರಾ?" ಅಂದರು. "ಪೂರಾ ಓದಿದಿರಾ?"

"ಕೊನೆಯ ಫಾರಂ ಇಲ್ಲ," ಅಂದೆ. "ಅದಕ್ಕೇ ಬಂದ್ವಿ. ಅರಸೀಕೆರೆಯಿಂದ."

ಅವರು ನಕ್ಕರು, ಹೆಮ್ಮೆಯಿಂದ ಗಂಟಲು ಸರಿಮಾಡಿಕೊಂಡರು, ಹೇಳಲು ಬಾಯಿ ತೆರೆದರು. ಆಗಷ್ಟೇ ನನ್ನ ಹಿಂದೆ ನಿಂತಿದ್ದ ಅತ್ತೆ ಅವರ ಕಣ್ಣಿಗೆ ಬಿದ್ದರು. ಕೆಂಪು ಸೀರೆ, ಮುಚ್ಚಿದ ತಲೆ. ಮೇಷ್ಟರ ಬಾಯಿ ಹಾಗೇ ನಿಂತಿತು.

"ಅವಳೇನಾ ಮಾಡಿದ್ದು?" ಅಂತ ಅತ್ತೆ ಕೇಳಿದರು. ಪರಪುರುಷರ ಎದುರು ಅವರು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೇಷ್ಟರು ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇಲ್ಲ ತಾಯಿ," ಅಂದರು. "ಅವಳಲ್ಲ. ದತ್ತುಮಗ."

"ಅವತ್ತು ಏಕಾದಶಿ," ಅಂದರು ಅತ್ತೆ.

ಮೇಷ್ಟರಿಗೆ ತಿಳಿಯಲಿಲ್ಲ. ನಾನು ಪುಟ ತೆಗೆದು ತೋರಿಸಿದೆ. ಹುಣ್ಣಿಮೆಗೆ ನಾಲ್ಕು ದಿನ. ಅವರು ತಮ್ಮ ಬೆರಳ ಮೇಲೆ ಎಣಿಸಿದರು. ಇನ್ನೊಂದು ಸಲ ಎಣಿಸಿದರು. ಮುಖ ಬಿಳಿಚಿಕೊಂಡಿತು. "ಬೆಳದಿಂಗಳು ಬೇಕಿತ್ತು," ಅಂತ ಗೊಣಗಿದರು. "ಹುಣ್ಣಿಮೆ ಇಟ್ಟರೆ ಹೆಜ್ಜೆಗುರುತು ಎಲ್ಲರಿಗೂ ಕಾಣತ್ತೆ. ಅದಕ್ಕೆ ಸ್ವಲ್ಪ ಹಿಂದೆ ಹಾಕಿದೆ. ನಮ್ಮ ಮನೇಲಿ ದೇವಸ್ಥಾನದ ತಿಥಿ ತಪ್ಪಿದ್ದಿಲ್ಲ ತಾಯಿ. ಇದು ಹ್ಯಾಗೆ ತಪ್ಪಿತು?"

"ಆ ನಿಮ್ಮ ಪತ್ತೇದಾರ ಆಳನ್ನ ಕರೆದು ಕೇಳಿದ," ಅಂದರು ಅತ್ತೆ. ದನಿ ಎತ್ತರಿಸಲಿಲ್ಲ. "ದತ್ತುಮಗನ್ನ ಕೇಳಿದ, ಸೊಸೇನ ಕೇಳಿದ, ಹಾಲಿನವಳನ್ನೂ ಬಿಡಲಿಲ್ಲ. ಅವಳನ್ನ ಮಾತ್ರ ಕೇಳಲಿಲ್ಲ. ಒಂದು ಮಾತು, ನೀನು ಮಾಡಿದೆಯಾ ಅಂತ ಕೇಳಿದ್ರೆ ಏನಾಗ್ತಿತ್ತು?"

ಮೇಷ್ಟರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಒರೆಸಿದ್ದನ್ನೇ ಒರೆಸಿದರು. "ತಪ್ಪಾಯ್ತು ತಾಯಿ," ಅಂದರು.

ದೇವಸ್ಥಾನಕ್ಕೂ ಹೋದೆವು. ನನಗೆ ಒಂದು ಶಿಲ್ಪವೂ ಕಣ್ಣಿಗೆ ಹತ್ತಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಬಸ್ಸೊಳಗೆ ಕೂತ ಮೇಲೆ, ಮೇಷ್ಟರು ಏದುಸಿರು ಬಿಡುತ್ತ ಬಂದು ನನ್ನನ್ನು ಪಕ್ಕಕ್ಕೆ ಕರೆದರು. ಕೈಯಲ್ಲಿ ಮಡಿಸಿದ ಹಾಳೆಗಳು. ಕೊನೆಯ ಫಾರಂ.

"ನನ್ನ ಪ್ರತಿಯಿಂದ ಬಿಚ್ಚಿದೆ. ನಿಮ್ಮ ಅತ್ತೆಗೆ ತೋರಿಸಬೇಡಮ್ಮ," ಅಂದರು. "ಅವಳೇ ಮಾಡಿದ್ದು. ಓದೋರು ಅವಳ ಕಡೆ ನೋಡಬಾರದು ಅಂತಲೇ ಪತ್ತೇದಾರ ಅವಳನ್ನ ಕೇಳದ ಹಾಗೆ ಬರೆದೆ. ಒಳ್ಳೇ ಉಪಾಯ ಅಂದ್ಕೊಂಡಿದ್ದೆ." ಹಾಳೆಗಳನ್ನು ನನ್ನ ಕೈಗಿಟ್ಟು ಕೇಳಿದರು: "ಏಳು ಪುಸ್ತಕ ಬರೆದಿದೀನಿ. ಹುಡುಕ್ಕೊಂಡು ಬಂದೋರು ನೀವಿಬ್ಬರೇ. ಉಳಿದದ್ದು, ಆ ಮನೆ, ಆ ಕೆರೆ, ಅದೆಲ್ಲ ಸರಿಯಾಗಿತ್ತೇನಮ್ಮ?"

"ಎಲ್ಲ ಸರಿಯಾಗಿತ್ತು," ಅಂದೆ. ಅದು ಸುಳ್ಳಲ್ಲ. ಅವರ ಉಳಿದ ಆರು ಪುಸ್ತಕಗಳಲ್ಲಿ ನಾಲ್ಕು ಆಮೇಲೆ ನನಗೆ ಸಿಕ್ಕಿವೆ. ಎರಡಕ್ಕಾಗಿ ಈಗಲೂ ಅಲೆಯುತ್ತಿದ್ದೇನೆ.

ಬಸ್ಸು ಹೊರಟಿತು. ಪಕ್ಕದಲ್ಲಿ ಅತ್ತೆ ಕಣ್ಣು ಮುಚ್ಚಿದ್ದರು. ನಾನು ತಡೆಯಲಾರದೆ ಫಾರಂ ಬಿಡಿಸಿ ಓದಿದೆ. ಹಜಾರದಲ್ಲಿ ಪತ್ತೇದಾರ ಬೆರಳು ಮಾಡಿ ತೋರಿಸಿದ. ವಿಧವೆ ಕುಸಿದು ಕೂತು ಎಲ್ಲ ಒಪ್ಪಿಕೊಂಡಳು. ಒಂದೂವರೆ ಪುಟದಲ್ಲಿ ಮುಗಿದಿತ್ತು. ಕಣ್ಣಲ್ಲಿ ನೀರು ಬಂದು ಅಕ್ಷರ ಕಾಣದೆ ಹಾಳೆ ಮಡಿಸಿ ಚೀಲಕ್ಕೆ ತುರುಕಿದೆ. ಬರೆದವರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಆ ದಾರ ಕಟ್ಟಿದ ಕನ್ನಡಕ ನೆನಪಾಗುತ್ತಿತ್ತು.

"ಒಳ್ಳೇ ಮನುಷ್ಯ," ಅಂದರು ಅತ್ತೆ, ಕಣ್ಣು ತೆಗೆಯದೆ. "ಸುಳ್ಳು ಹೇಳೋಕೆ ಬರಲ್ಲ, ಪಾಪ."

ಅರಸೀಕೆರೆಯವರೆಗೂ ನಾನು ಚೀಲದ ಬಾಯಿ ಬಿಗಿಹಿಡಿದು ಕೂತಿದ್ದೆ.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಅಮ್ಮ ಬಾಗಿಲಲ್ಲೇ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ. ದರ್ಶನ ಹೇಗಾಯಿತು ಅಂತ ಕೇಳಲಿಲ್ಲ.

"ಏನಂದ್ರು? ಯಾರಂತೆ?" ಅಂದಳು.

ದತ್ತುಮಗನಂತೆ ಅನ್ನಲು ನಾನು ಬಾಯಿ ತೆರೆದೆ. ಅತ್ತೆ ಕೈ ಅಡ್ಡ ಹಿಡಿದರು. "ಅವಳೇ ಅಂತ ಬರೆದಿದಾರೆ," ಅಂದರು. ತಂಬಿಗೆಯನ್ನು ಜಗುಲಿಯ ಮೇಲೆ ಇಟ್ಟು, ಅಮ್ಮನ ಮುಖವನ್ನು ನೇರವಾಗಿ ನೋಡಿದರು. "ಬೆಂಡೋಲೆ ನಾನು ತೆಗೆದಿಲ್ಲ ಕಣೇ."

ಹಿಂದೆ ಯಾವುದೋ ಗಾಡಿ ಕೂಗಿತು. ನನ್ನ ಕಾಲು ಎಲ್ಲಿಗೂ ಹೊರಡಲಿಲ್ಲ.

ಅಮ್ಮನ ಕೈ ಸೊಂಟದ ಬೀಗದ ಕೈಗೊಂಚಲನ್ನು ಮುಟ್ಟಿ, ಸುಟ್ಟ ಹಾಗೆ ಹಿಂದಕ್ಕೆ ಬಂತು. "ಹನ್ನೆರಡು ವರ್ಷ ಆಯ್ತಲ್ಲ ಅತ್ತಿಗೆ," ಅಂದಳು. "ಆವತ್ತೇ ಯಾಕೆ ಹೇಳಲಿಲ್ಲ ನೀವು?"

"ನೀನು ಕೇಳಲಿಲ್ಲವಲ್ಲೇ," ಅಂದರು ಅತ್ತೆ.

ಅಮ್ಮ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಹೊಸಿಲ ಮೇಲೆ ಕೂತುಬಿಟ್ಟಳು. ನಾನೂ ಕೇಳಿರಲಿಲ್ಲ.